ಎಡಕ್ಕೆ ಬಿದ್ದ ಹೂವು

ದೇವರನ್ನು ನಂಬುವುದು ಅಷ್ಟೇನೂ ಕಷ್ಟವಲ್ಲ; ಅವನು ಹೇಳಿದ ಹಾಗೆ ಕೇಳುವುದಿದೆಯಲ್ಲ, ತೊಡಕು ಅಲ್ಲಿದೆ. ನಮ್ಮ ಕಡೆ ಮದುವೆಯಿರಲಿ, ಜಮೀನಿನ ವ್ಯಾಪಾರವಿರಲಿ, ಮೊದಲು ಹನುಮಪ್ಪನ ಹತ್ತಿರ ಹೂ ಕೇಳಬೇಕು. ಹೂ ಬಲಕ್ಕೆ ಜಾರಿದರೆ ಅಪ್ಪಣೆ, ಎಡಕ್ಕೆ ಜಾರಿದರೆ ಬೇಡ. ಇದರಲ್ಲಿ ತಿಳಿಯದಿರುವುದು ಏನೂ ಇಲ್ಲ. ಆದರೂ ಎಡಕ್ಕೆ ಬಿದ್ದಾಗಲೆಲ್ಲ ನಮ್ಮ ಮನೆಯ ಗಂಡಸರು, "ಗಾಳಿಗೆ ಬಿದ್ದಿರ್ಬೇಕು ಪೂಜಾರಪ್ಪ, ಇನ್ನೊಂದ್ಸಲ ನೋಡಿ" ಎನ್ನುತ್ತಿದ್ದರು. ಕಿಟಕಿಯೇ ಇಲ್ಲದ ಗರ್ಭಗುಡಿಗೆ ಗಾಳಿ ಎಲ್ಲಿಂದ ಬಂತೆಂದು ಪೂಜಾರಪ್ಪ ಕೇಳುತ್ತಿರಲಿಲ್ಲ. ಅವರಿಗೂ ತಟ್ಟೆಕಾಸು ಬೇಕು. ಬಲಕ್ಕೆ ಬಿದ್ದ ದಿನ ಮಾತ್ರ ಗಾಳಿಯ ಸುದ್ದಿಯೇ ಇರುತ್ತಿರಲಿಲ್ಲ.

ಅಜ್ಜಿ ಹಾಗಲ್ಲ. ಚಿಕ್ಕತ್ತೆಗೆ ಬೆಂಗಳೂರಿನ ಗಂಡು ಬಂದಿತ್ತು. ಸರ್ಕಾರಿ ಕೆಲಸ, ವರದಕ್ಷಿಣೆಯ ಮಾತಿಲ್ಲ. ಅಜ್ಜಿ ಮನಸ್ಸಿನಲ್ಲೇ ಚಪ್ಪರ ಹಾಕಿ ಆಗಿತ್ತು. ಹೂ ಎಡಕ್ಕೆ ಬಿತ್ತು.

"ಇನ್ನೊಂದ್ಸಲ ಕೇಳಣ ಕಣವ್ವ" ಎಂದರು ದೊಡ್ಡಪ್ಪ.

"ಒಂದ್ಸಲ ಕೇಳಾಯ್ತಲ್ಲ. ಇನ್ನೂ ಕೇಳುದ್ರೆ ಅದು ಕೇಳಾದಲ್ಲ, ಪೀಡ್ಸಾದು" ಎಂದಳು ಅಜ್ಜಿ. ಮನೆಗೆ ಬಂದು ಹಿತ್ತಲಲ್ಲಿ ಒಬ್ಬಳೇ ಅತ್ತಳಂತೆ. ಸಂಜೆ ಮಾಮೂಲಿನಂತೆ ಗುಡಿಗೆ ದೀಪದೆಣ್ಣೆ ಕಳಿಸಿದಳು.

ಆ ಗಂಡು ಮುಂದೆ ಕುಡುಕನಾದ ಎಂದು ಬರೆದಿದ್ದರೆ ಹನುಮಪ್ಪನ ಮಾನ ಉಳಿಯುತ್ತಿತ್ತು. ಅವನೋ ಬಡ್ತಿಯ ಮೇಲೆ ಬಡ್ತಿ ಪಡೆದು ಸೈಟು ಕೊಂಡ, ಮನೆ ಕಟ್ಟಿಸಿದ. ಚಿಕ್ಕತ್ತೆ ಪಕ್ಕದೂರಿನ ರೈತನನ್ನು ಮದುವೆಯಾಗಿ ಎರಡು ಎಮ್ಮೆ, ಒಬ್ಬ ಅತ್ತೆಯ ನಡುವೆ ಹಣ್ಣಾದಳು. ಪ್ರತಿ ದೀಪಾವಳಿಗೂ ದೊಡ್ಡಪ್ಪ ಆ ಸೈಟಿನ ಮಾತು ತೆಗೆಯುತ್ತಿದ್ದರು. "ಅದು ಹನುಮಪ್ಪಂಗೆ ಗೊತ್ತಿಲ್ದೇ ಎಡಕ್ಕಾಕುದ್ನಾ?" ಎಂದು ಅಜ್ಜಿ ಒಬ್ಬಟ್ಟು ತಟ್ಟುತ್ತಿದ್ದಳು.

ಅವಳಿಗೆ ಮಾದರಿ 'ಬೇಡರ ಕಣ್ಣಪ್ಪ'. ರಾಜ್‌ಕುಮಾರ್ ನಾಯಕರಾದ ಆ 1954ರ ಚಿತ್ರವನ್ನು ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದಳು. ಕಾಳಹಸ್ತಿಯ ಶಿವನ ಕಣ್ಣಲ್ಲಿ ರಕ್ತ ಬಂತೆಂದು ಕಣ್ಣಪ್ಪ ತನ್ನ ಕಣ್ಣನ್ನೇ ಕಿತ್ತಿಟ್ಟ. ಶಿವನ ಇನ್ನೊಂದು ಕಣ್ಣಲ್ಲೂ ರಕ್ತ ಬಂದಾಗ, ತನ್ನ ಎರಡನೆಯದನ್ನೂ ಕಿತ್ತರೆ ಜಾಗ ಕಾಣದಲ್ಲ ಎಂದು ಗುರುತಿಗೆ ಅಲ್ಲಿ ಕಾಲಿಟ್ಟ. ಇನ್ನೊಬ್ಬ ಭಕ್ತ ಸಿರಿಯಾಳ ಸೆಟ್ಟಿಯನ್ನಂತೂ ಶಿವ ಹೆತ್ತ ಮಗನ ಮಾಂಸವನ್ನೇ ಬೇಡಿದ. ಕೊನೆಗೆ ಕಣ್ಣೂ ಮರಳಿತು, ಮಗನೂ ಎದ್ದು ಬಂದ. ಹನುಮಪ್ಪ ಅಜ್ಜಿಯಿಂದ ಕೇಳಿದ್ದು ಒಬ್ಬ ಅಳಿಯನನ್ನು ಮಾತ್ರ. ಹಾಗೆ ತೆಗೆದುಕೊಂಡದ್ದನ್ನು ವಾಪಸು ಕೊಡಲಿಲ್ಲ. ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಕಷ್ಟದ ಪರೀಕ್ಷೆ. ಕಣ್ಣಪ್ಪನ ಕಥೆಯಲ್ಲಿ ಶಿವ ಪ್ರತ್ಯಕ್ಷನಾಗುತ್ತಾನೆ. ಅಜ್ಜಿಗೆ ಪ್ರತ್ಯಕ್ಷರಾಗುತ್ತಿದ್ದವರು ದೊಡ್ಡಪ್ಪ.

ಈಗ ನಮ್ಮ ಮನೆಯವರು ಜಾಣರಾಗಿದ್ದಾರೆ. ಜಾತಕ ಕೂಡಿ, ಲಗ್ನಪತ್ರಿಕೆ ಅಚ್ಚಾಗಿ, ಛತ್ರಕ್ಕೆ ಮುಂಗಡ ಕಟ್ಟಿದ ಮೇಲೆ ಹೂ ಕೇಳಲು ಹೋಗುತ್ತಾರೆ. ಹನುಮಪ್ಪ ಎಡಕ್ಕೆ ಹಾಕಿದರೂ ಮುಂಗಡ ವಾಪಸು ಬರುವುದಿಲ್ಲ. ನಿಮ್ಮ ಮನೆಯಲ್ಲೂ ಮುಂಗಡ ಕಟ್ಟಿ ಆಗಿದ್ದರೆ ದಯವಿಟ್ಟು ಹೂ ಕೇಳಬೇಡಿ. ಒಂದು ಅರ್ಚನೆ ಮಾಡಿಸಿಕೊಂಡು ಬಂದುಬಿಡಿ.