ಪಾವಗಡಕ್ಕೆ ಹೊರಡುವ ಮುನ್ನ

ನಾಡಿದ್ದು ಪಾವಗಡಕ್ಕೆ ಹೊರಟಿದ್ದೇನೆ. ವರದಿಗಾಗಿ ಹಾವೇರಿ ಜಿಲ್ಲೆ ದಾಟುತ್ತಿರುವುದು ಇದೇ ಮೊದಲು. ಮೂರು ದಿನದ ಕೆಲಸ. ವಿಷಯ, ಅಲ್ಲಿನ ಸೋಲಾರ್ ಪಾರ್ಕ್.

ಬ್ಯಾಗಿನಲ್ಲಿ ಹೆಚ್ಚೇನೂ ಇಲ್ಲ. ಎರಡು ಜೊತೆ ಚೂಡಿದಾರ, ಬಿಸಿಲಿಗೆ ತಲೆ ಮೇಲೆ ಹೊದೆಯಲು ಹತ್ತಿಯ ವೇಲು, ನೀರಿನ ಬಾಟಲಿ, ಪವರ್ ಬ್ಯಾಂಕ್, ಎರಡು ಸಣ್ಣ ನೋಟ್‌ಬುಕ್, ನಾಲ್ಕು ಪೆನ್ನು. ಮೊಬೈಲ್ ಆಫ್ ಆದರೂ ಇರಲಿ ಎಂದು ಮುಖ್ಯವಾದ ನಂಬರುಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೇನೆ. ಆಧಾರ್ ಕಾರ್ಡು ಮೇಲಿನ ಜಿಪ್ಪಿನಲ್ಲಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿರುವುದರಿಂದ ತುಮಕೂರಿಗೂ ಅಲ್ಲಿಂದ ಮಧುಗಿರಿ ಮೇಲೆ ಪಾವಗಡಕ್ಕೂ ಬಸ್ ಚಾರ್ಜಿನ ಚಿಂತೆಯಿಲ್ಲ. ಬರೆದದ್ದಕ್ಕೆ ಯಾವಾಗಲೋ ದುಡ್ಡು ಬರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟುತ್ತಾಳೆ.

ಬ್ಯಾಗು ಅರ್ಧ ಗಂಟೆಯಲ್ಲಿ ಮುಗಿಯಿತು. ಓದಿಕೊಳ್ಳಲು ಎರಡು ವಾರ ಹಿಡಿಯಿತು. ತಿರುಮಣಿ, ಬಳಸಮುದ್ರ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಪಾರ್ಕ್ ಹರಡಿದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರಿಂದ ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ. ಮತ್ತೆ ಮತ್ತೆ ಬರ ಬೀಳುವ ತಾಲ್ಲೂಕಿನಲ್ಲಿ ಮೂರು ಎಕರೆಯವನಿಗೆ ಮಳೆ ಬಂದರೂ ಬರದಿದ್ದರೂ 63,000 ಬರುತ್ತದೆ ಎಂದರೆ ಅದು ಆಸರೆಯೇ.

ಇದನ್ನೆಲ್ಲ ಅವ್ವನಿಗೆ ಹೇಳುತ್ತಿದ್ದೆ. ಅವಳು ಹಿಟ್ಟು ನಾದುತ್ತಾ ಕೇಳಿದಳು: "ಹೊಲ ಇದ್ದೋರಿಗೆ ರೊಕ್ಕ ಬಂತು. ಆ ಹೊಲದಾಗ ಕಳೆ ತೆಗೀತಿದ್ದೋರು ಈಗ ಎಲ್ಲಿಗೆ ಹೋಗ್ತಾರ?"

ನಮಗೂ ಹೊಲವಿಲ್ಲ. ಹತ್ತಿ ಬಿಡಿಸಿ, ಗೋವಿನಜೋಳ ಮುರಿದು ಅವ್ವ ನನ್ನನ್ನು ಡಿಗ್ರಿವರೆಗೆ ಓದಿಸಿದ್ದಾಳೆ. ಆ ಪ್ರಶ್ನೆ ಈಗ ನನ್ನ ನೋಟ್‌ಬುಕ್ಕಿನ ಮೊದಲ ಸಾಲು. ಅದರ ಕೆಳಗೆ ಇನ್ನೂ ನಾಲ್ಕು ಬರೆದಿದ್ದೇನೆ. ಕುರಿಗಳನ್ನು ಈಗ ಎಲ್ಲಿ ಮೇಯಿಸುತ್ತಾರೆ? ಪಾರ್ಕಿನೊಳಗೆ ಹುಲ್ಲು ಕೀಳುವ, ಪ್ಯಾನೆಲ್ ತೊಳೆಯುವ ಕೆಲಸ ಯಾರಿಗೆ ಸಿಗುತ್ತದೆ? ತಿಂಗಳಿಗೆ ಎಷ್ಟು ದಿನ? ಗುತ್ತಿಗೆ ಹಣ ಮನೆಯಲ್ಲಿ ಯಾರ ಖಾತೆಗೆ ಬೀಳುತ್ತದೆ?

ಕೂಲಿಯವರನ್ನು ಕಾಗದದಲ್ಲಿ ಹುಡುಕಿ ಸಿಗುವುದಿಲ್ಲ. ಪಹಣಿಯಲ್ಲಿ ಅವರ ಹೆಸರಿಲ್ಲ, ಗುತ್ತಿಗೆ ಕರಾರಿನಲ್ಲೂ ಇಲ್ಲ. ಊರಿಗೇ ಹೋಗಿ ಕೇಳಬೇಕು. ಇನ್ನೊಂದು ತೊಡಕು ಭಾಷೆ. ಪಾವಗಡದ ಸುತ್ತ ಆಂಧ್ರ. ಮನೆಮಾತು ತೆಲುಗಾಗಿರುವವರು ಬಹಳ. ಜಮೀನು ಕೊಟ್ಟವರ ಮನೆಯವರೊಬ್ಬರು ಜೊತೆಗೆ ಬಂದು ಮಾತು ತಿಳಿಸಿಕೊಡುತ್ತೇನೆ ಎಂದರು. ಅವರು ಎದುರಿಗಿದ್ದರೆ ಕೂಲಿ ಹೆಂಗಸರು ಬಾಯಿ ಬಿಡುವುದು ಕಷ್ಟ. ಹಾಗಾಗಿ ತೆಲುಗು ಬಲ್ಲ ಗೆಳತಿಯನ್ನು ಪಾವಗಡ ಬಸ್‌ಸ್ಟ್ಯಾಂಡಿಗೆ ಬರಹೇಳಿದ್ದೇನೆ. ಒಪ್ಪಿಗೆ ಕೇಳುವ ಮಾತನ್ನು ಮಾತ್ರ ತೆಲುಗಿನಲ್ಲೇ ಕಲಿತಿದ್ದೇನೆ: "ಫೋಟೋ ತೀಸ್ಕೋವಚ್ಚಾ?"

ಮೊದಲ ದಿನದ ಲೆಕ್ಕಾಚಾರವೂ ಆಗಿದೆ. ಪಾರ್ಕಿನ ಗೇಟಿಗೆ ಮಧ್ಯಾಹ್ನ ಹೋದರೂ ನಡೆಯುತ್ತದೆ. ಕೂಲಿಗೆ ಹೊರಟವರು ಸಿಗಬೇಕಾದರೆ ಬೆಳಿಗ್ಗೆ ಏಳರೊಳಗೆ ಊರಿನಲ್ಲಿರಬೇಕು.