ಮೂರು ಕಲ್ಲು, ಒಂದು ಟೆಂಟು

ಸಾಲು ರಜೆ ಬಂತೆಂದರೆ ಅರ್ಧ ಬೆಂಗಳೂರು ಊರು ಬಿಟ್ಟು ಹೊರಡುತ್ತದೆ. ಹೋದ ಕಡೆಯಲ್ಲೆಲ್ಲ ಆ ಅರ್ಧ ಬೆಂಗಳೂರೇ ಎದುರಾಗುತ್ತದೆ. ನೆಲಮಂಗಲದಲ್ಲಿ ಹಿಡಿದ ವಾಹನದ ಸಾಲು ಮುಳ್ಳಯ್ಯನಗಿರಿಯ ತಿರುವಿನವರೆಗೂ ಬೆನ್ನು ಬಿಡುವುದಿಲ್ಲ. ರಿಸಾರ್ಟ್ ಮುಟ್ಟಿದರೆ ಅಲ್ಲಿಯೂ ವೇಳಾಪಟ್ಟಿ: ಮೂರಕ್ಕೆ ರೈನ್ ಡಾನ್ಸ್, ಐದಕ್ಕೆ ಜಿಪ್‌ಲೈನ್, ಎಂಟರಿಂದ ಒಂಬತ್ತೂವರೆಗೆ ಕ್ಯಾಂಪ್‌ಫೈರ್. ಬೆಂಕಿಗೂ ಟೈಮಿಂಗ್ಸ್! ಬಫೆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಮುಂದಿರುವವರು ನಮ್ಮ ಅಪಾರ್ಟ್‌ಮೆಂಟಿನವರೇ ಎಂದು ಗೊತ್ತಾಗುವುದೂ ಉಂಟು.

ಇದರಿಂದ ಬೆಟ್ಟಗಳೂ ಪಾರಾಗಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರು ದರ್ಶನದ ಸರತಿಯಂತೆ ನಿಂತಿದ್ದ ಚಿತ್ರ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅರಣ್ಯ ಇಲಾಖೆ ಕೆಲಕಾಲ ಚಾರಣವನ್ನೇ ನಿಲ್ಲಿಸಿ, ಆಮೇಲೆ ಆನ್‌ಲೈನ್ ಬುಕಿಂಗ್ ತಂದಿತು.

ನನ್ನ ಇಷ್ಟದ ರಜೆಗೆ ಬೇಕಾದದ್ದು ಬಹಳ ಕಡಿಮೆ. ಎಳ್ಳಮಾವಾಸ್ಯೆಯ ಆಸುಪಾಸು ತಾಳಗುಪ್ಪದ ರಾತ್ರಿ ರೈಲು ಹತ್ತುವುದು, ಬೆಳಿಗ್ಗೆ ಇಳಿದು ಶರಾವತಿ ಹಿನ್ನೀರಿನ ದಂಡೆ ಸೇರುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ತೋಟ, ಕಾಡುಗಳ ಜೊತೆಗೆ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಈ ನೀರಿನಡಿ ಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಜನವರಿಯಲ್ಲಿ ಅಷ್ಟು ಇಳಿದಿರುವುದಿಲ್ಲ. ದಂಡೆಯಲ್ಲಿ ಒಂದಷ್ಟು ಹುಲ್ಲುನೆಲ ತೆರೆದುಕೊಂಡು, ಅಲ್ಲಲ್ಲಿ ಮರದ ಕರಿ ಬೊಡ್ಡೆಗಳು ಕಾಣತೊಡಗಿರುತ್ತವೆ.

ಪರಿಚಯದ ಕೃಷಿಕರೊಬ್ಬರ ಮಾಲ್ಕಿ ಜಾಗ ದಂಡೆಗೆ ತಾಗಿಕೊಂಡಿದೆ. ನಾನು ಚೀಲ ಇಳಿಸುವುದನ್ನು ನೋಡಿದಾಗಲೆಲ್ಲ ಅವರದು ಒಂದೇ ಮಾತು: "ಎಂತ ಮಾರಾಯ್ರೆ, ನೆಲದ ಮೇಲೆ ಮಲಗಲಿಕ್ಕೆ ಬೆಂಗಳೂರಿಂದ ಬರಬೇಕಾ? ನಮ್ಮನೆ ಜಗಲಿ ಇಲ್ವಾ?"

ಜಗಲಿ ಇದೆ. ಆದರೆ ಟೆಂಟು ಹಾಕುವ ಸುಖ ಜಗಲಿಯಲ್ಲಿ ಸಿಗದು. ಮೊದಲು ಜಾಗ ಆರಿಸಬೇಕು: ನೀರಿನಿಂದ ತುಸು ಮೇಲೆ, ಒಣಕೊಂಬೆ ಇರುವ ಮರದಿಂದ ದೂರ. ಆಮೇಲೆ ಮೊಣಕಾಲೂರಿ ಅಂಗೈಯಿಂದ ನೆಲ ತಡವುವುದು. ಕಡಲೆಕಾಳಿನಷ್ಟು ಕಲ್ಲು ಉಳಿದರೂ ನಡುರಾತ್ರಿ ಪಕ್ಕೆಲುಬಿಗೆ ಅದರ ವಿಳಾಸ ತಿಳಿಯುತ್ತದೆ. ಗೂಟವನ್ನು ನೆಟ್ಟಗೆ ಹೊಡೆದರೆ ಗಾಳಿಗೆ ಕಿತ್ತು ಬರುತ್ತದೆ. ಅದರ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ನಾಲ್ಕೂ ಮೂಲೆಯ ಹಗ್ಗ ಬಿಗಿಯಾಗಿ ಬಟ್ಟೆಯ ಸುಕ್ಕು ಬಿಟ್ಟಾಗ ಮನೆ ಕಟ್ಟಿಸಿದವರ ಗತ್ತಿನಲ್ಲಿ ಸುತ್ತಲೂ ಒಂದು ಪ್ರದಕ್ಷಿಣೆ ಹಾಕುತ್ತೇನೆ.

ನಂತರ ಒಲೆ. ನೀರೊಳಗಿನ ಕಲ್ಲು ಕಾದರೆ ಸಿಡಿಯುವ ಭಯ, ಹಾಗಾಗಿ ಮೇಲಿನ ಒಣಕಲ್ಲೇ ಮೂರು ಬೇಕು. ಒಲೆಯ ಬಾಯಿ ಗಾಳಿ ಬರುವ ಕಡೆಗೆ. ಮೊದಲು ತೆಂಗಿನ ನಾರು, ಅದರ ಮೇಲೆ ಪುರಲೆ, ಪುರಲೆ ಹೊತ್ತಿಕೊಂಡ ಮೇಲಷ್ಟೇ ಸೌದೆ. ಈ ಕ್ರಮ ತಪ್ಪಿದರೆ ಕಣ್ಣಿಗೆ ಹೊಗೆ, ಹೊಟ್ಟೆಗೆ ಏನೂ ಇಲ್ಲ. ಪಾತ್ರೆಯ ತಳಕ್ಕೆ ಹೊರಗಿನಿಂದ ಒದ್ದೆ ಬೂದಿ ಬಳಿದಿಟ್ಟರೆ ಮಸಿ ಆಮೇಲೆ ಒಂದೇ ಉಜ್ಜಿಗೆ ಬಿಡುತ್ತದೆ. ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಉಪಾಯ. ಗಂಜಿ ಕುದಿಯುವಾಗ ಬೇರೆ ಕೆಲಸವಿಲ್ಲ. ಅದನ್ನು ನೋಡುತ್ತ ಕೂರುವುದೇ ಕೆಲಸ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಯಾವ ಬಫೆಯೂ ನೆನಪಾಗದು.

ಕತ್ತಲಾದ ಮೇಲೆ ಆಕಾಶದ ಸರದಿ. ಎಂಟರ ಹೊತ್ತಿಗೆ ಕೃತ್ತಿಕೆಯ ಗೊಂಚಲು ನೆತ್ತಿಯ ಹತ್ತಿರ, ಅದರಿಂದ ಪೂರ್ವಕ್ಕೆ ರೋಹಿಣಿಯ ಕೆಂಪು, ಇನ್ನೂ ಕೆಳಗೆ ಮೃಗಶಿರ, ಆರಿದ್ರಾ. ರೈತರ ಬಾಯಲ್ಲಿ ಇವೆಲ್ಲ ಮಳೆಯ ಹೆಸರು. ಜೂನ್ ಕೊನೆಗೆ ಆರಿದ್ರಾ ಮಳೆ ಹೊಯ್ಯುವಾಗ ಸೂರ್ಯ ಅದೇ ನಕ್ಷತ್ರದ ಬಳಿ ಇರುತ್ತಾನೆ; ಮೋಡ ಸರಿದರೂ ಅದು ಕಾಣುವುದಿಲ್ಲ. ಮಳೆಗಾಲದ ನಕ್ಷತ್ರವನ್ನು ಕಾಣಬೇಕಾದರೆ ಹೀಗೆ ಚಳಿಗಾಲದ ರಾತ್ರಿ ಅಂಗಾತ ಮಲಗಬೇಕು. ಕತ್ತಲಲ್ಲಿ ಎಲ್ಲೋ ಟಿಟ್ಟಿಭ ಬೆಚ್ಚಿ ಕೂಗಿ, ಸುಮ್ಮನಾಗುತ್ತದೆ.

ಸೌಕರ್ಯದ ಲೆಕ್ಕ ಹಾಕಿದರೆ ರಿಸಾರ್ಟೇ ಗೆಲ್ಲುತ್ತದೆ. ಬಿಸಿನೀರು, ಮೆತ್ತನೆ ಹಾಸಿಗೆ, ಕರೆದಲ್ಲಿಗೆ ಕಾಫಿ. ಇವುಗಳಿಗೆ ನಾನೇನೂ ಶತ್ರುವಲ್ಲ. ಆದರೆ ವರ್ಷವಿಡೀ ನಮ್ಮ ಊಟ, ಓಡಾಟ, ಮನರಂಜನೆಯನ್ನು ಬೇರೆಯವರೇ ಮಾಡಿಕೊಡುತ್ತಾರೆ. ರಜೆಯಲ್ಲೂ ಅದೇ ಆದರೆ ರಜೆ ಯಾತರಿಂದ? ಇಲ್ಲಿ ನೀರು ತರುವವನು ನಾನು, ಬೆಂಕಿ ಹೊತ್ತಿಸುವವನು ನಾನು, ಹಸಿದು ಉಣ್ಣುವವನೂ ನಾನೇ. ದಿನ ಉದ್ದವಾಗುತ್ತದೆ, ನಿದ್ದೆ ಬೇಗ ಬರುತ್ತದೆ.

ಒಮ್ಮೆ ಹೊರಟು ನೋಡಿ. ಸಾಲು ರಜೆ ಬೇಡ, ವಾರದ ನಡುವೆ ಹೋಗಿ. ಹಿನ್ನೀರಿನ ಸುತ್ತ ಅಭಯಾರಣ್ಯವೂ ಇದೆ. ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಕಾಲಿಡಬೇಡಿ. ಖಾಸಗಿ ಜಾಗವಾದರೆ ಯಜಮಾನರನ್ನು ಕೇಳಿ. ಬೆಂಕಿಗೆ ನೀರು ಹೊಯ್ದು, ಬೂದಿ ತಣ್ಣಗಾದದ್ದನ್ನು ನೋಡಿಯೇ ಏಳಿ. ಒಯ್ದ ಪ್ಲಾಸ್ಟಿಕ್ಕನ್ನು ಚೂರೂ ಬಿಡದೆ ವಾಪಸ್ ತನ್ನಿ. ಆ ದಂಡೆಯ ಹುಲ್ಲಿಗೆ ದನಗಳು ಬರುತ್ತವೆ.