ಮರಿಯ ಪಕ್ಕೆಲುಬು

ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲೆಂದು ಗೇಟಿನ ತನಕ ಹೋದಾಗ ಮೇಲಿನ ಮನೆಯ ಹುಡುಗ ಕಾರಿನ ಡಿಕ್ಕಿಯಿಂದ ಸಾಮಾನು ಇಳಿಸುತ್ತಿದ್ದ. ಪಕ್ಕದಲ್ಲಿ ಅವನ ಗ್ರೇಟ್ ಡೇನ್ ಮರಿ, ಮೂರು ತಿಂಗಳಿನದು, ತನ್ನದೇ ಕಾಲುಗಳ ಉದ್ದ ಇನ್ನೂ ಅಂದಾಜಿಗೆ ಸಿಗದೆ ಮೆಟ್ಟಿಲ ಬಳಿ ತಡವರಿಸುತ್ತ ನಿಂತಿತ್ತು. ಇಳಿದ ಮೂಟೆ ಒಳ್ಳೆಯದೇ, ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ. ಆದರೆ ಅದರ ಜೊತೆಗೆ ಒಂದು ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿಯೂ ಇಳಿಯಿತು. "ಮೂಳೆ ಗಟ್ಟಿಯಾಗ್ಲಿ ಅಂತ ಅಂಗಡಿಯವ್ರೇ ಕೊಟ್ರು ಆಂಟಿ. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ಹಾಕಿ ಅಂದ್ರು" ಎಂದ. ಅವನ ಮುಖದಲ್ಲಿದ್ದ ಅಕ್ಕರೆ ನೋಡಿ ಆ ಕ್ಷಣಕ್ಕೆ ನನಗೆ ಮಾತೇ ಹೊರಡಲಿಲ್ಲ. ಒಳಗೆ ಬಂದು ಹಾಲು ಕಾಯಿಸುವಾಗಲೂ ಸಿಟ್ಟು ಇಳಿದಿರಲಿಲ್ಲ. ಹುಡುಗನ ಮೇಲಲ್ಲ, ಆ ಬಾಟಲಿಯ ಮೇಲೆ.

ನಾಯಿಮರಿಗೆ ಏನು ಹಾಕಬೇಕು ಅನ್ನುವ ಮಾತು ಎದ್ದರೆ ಎಲ್ಲರೂ ಹೇಳುವ ಸಂಗತಿಗಳಿವೆ. ಚಾಕೊಲೇಟು ಬೇಡ, ಈರುಳ್ಳಿ ಬೇಡ, ದ್ರಾಕ್ಷಿ ಬೇಡ. ಹೊತ್ತು ಹೊತ್ತಿಗೆ ಊಟ, ಸದಾ ನೀರು, ಜಂತುಹುಳದ ಔಷಧಿ. ಎಲ್ಲವೂ ಸರಿ, ಎಲ್ಲರಿಗೂ ಗೊತ್ತು. ಯಾವ ಕಂಪನಿಯದು ಮೇಲು ಎಂಬ ಜಗಳದಲ್ಲೂ ನನಗೆ ಆಸಕ್ತಿಯಿಲ್ಲ. ನನ್ನನ್ನು ಕಾಡುವುದು ಒಂದೇ: ದೊಡ್ಡದಾಗಿ ಬೆಳೆಯಬೇಕಾದ ಮರಿಯನ್ನು ನಾವು ಬೇಗ ದೊಡ್ಡದು ಮಾಡಲು ಹೊರಡುತ್ತೇವಲ್ಲ, ಆ ಅವಸರ.

ಗ್ರೇಟ್ ಡೇನ್ ಮರಿ ಹುಟ್ಟುವಾಗ ಅರ್ಧ ಕಿಲೋದ ಮೇಲೆ ಚೂರು ತೂಗುತ್ತದೆ. ಗಂಡಾದರೆ ವರ್ಷ ತುಂಬುವ ಹೊತ್ತಿಗೆ ಐವತ್ತು ಕಿಲೋ ದಾಟಬಹುದು. ಅಷ್ಟು ಭಾರ ಹೊರಬೇಕಾದ ಮೂಳೆಗಳು ಅದೇ ಹೊತ್ತಿನಲ್ಲಿ ಇನ್ನೂ ತಯಾರಾಗುತ್ತಿರುತ್ತವೆ. ಎಲುಬಿನ ತುದಿಯ ಮೃದ್ವಸ್ಥಿ ಚೂರುಚೂರೇ ಗಟ್ಟಿಯಾಗುತ್ತ ಎಲುಬು ಉದ್ದವಾಗುತ್ತಿರುತ್ತದೆ. ಬೆಳೆದ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಆರು ತಿಂಗಳೊಳಗಿನ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ಹೆಚ್ಚು ಕೊಟ್ಟರೆ ಹೆಚ್ಚೇ ಒಳಗೆ ಹೋಗುತ್ತದೆ, ಬೇಡ ಅನ್ನಲು ಅದರ ಮೈಗೆ ಬರುವುದಿಲ್ಲ. ಹೀಗೆ ಸೇರಿದ ಕ್ಯಾಲ್ಸಿಯಂ ಮೂಳೆಯನ್ನು ಗಟ್ಟಿ ಮಾಡುವ ಬದಲು ಮೃದ್ವಸ್ಥಿ ಮೂಳೆಯಾಗುವ ಕ್ರಮವನ್ನೇ ಕೆಡಿಸುತ್ತದೆ. ಮುಂಗಾಲು ಸೊಟ್ಟಗಾಗುವುದು, ಭುಜದ ಕೀಲಿನ ಮೃದ್ವಸ್ಥಿ ಬಿರಿಯುವುದು, ಆಟ ಬಿಟ್ಟು ಮರಿ ಕುಂಟುವುದು, ಇವೆಲ್ಲ ಆಮೇಲೆ ಬರುತ್ತವೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳನ್ನೇ ಸಾಕಿ ಇದನ್ನು ತೋರಿಸಿಕೊಟ್ಟರು. ಅಲ್ಲಿಂದೀಚೆಗೆ ನಲವತ್ತು ವರ್ಷ ಕಳೆಯುತ್ತ ಬಂತು, ಬಾಟಲಿ ಮಾತ್ರ ಕಪಾಟಿನ ಮುಂದಿನ ಸಾಲಿನಲ್ಲೇ ಇದೆ. ಮೊದಲು ಪ್ರೋಟೀನಿನ ಮೇಲೆ ತಪ್ಪು ಹೊರಿಸುತ್ತಿದ್ದರು. ಅದೇ ತಳಿಯ ಮರಿಗಳ ಮೇಲೆ ನಡೆದ ಪರೀಕ್ಷೆಗಳು ಅದರ ತಪ್ಪಿಲ್ಲವೆಂದವು. ಆದರೂ ಮರಿಗೆ ಮೊಟ್ಟೆ ಕೊಡಲು ಹೆದರುವವರು, ಕ್ಯಾಲ್ಸಿಯಂ ಸುರಿಯಲು ಹೆದರದವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ.

ಮೂಟೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದುವ ತಾಳ್ಮೆ ಇದ್ದರೆ ಸಾಕು. ಬೆಳೆದ ಮೇಲೆ 32 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುವ ನಾಯಿಗಳ ಬೆಳವಣಿಗೆಗೂ ಈ ಆಹಾರ ತಕ್ಕದ್ದು ಎಂಬ ಮಾತು ಅಲ್ಲಿರಬೇಕು. ಅಮೆರಿಕದ ಮಾನದಂಡದ ಪ್ರಕಾರ ಅಂಥ ಆಹಾರದ ಒಣ ತೂಕದಲ್ಲಿ ಕ್ಯಾಲ್ಸಿಯಂ ಶೇಕಡಾ 1.2ಕ್ಕೆ ಕಡಿಮೆ ಇರಕೂಡದು, 1.8 ದಾಟಕೂಡದು. ಬೇರೆ ನಾಯಿಗಳ ಆಹಾರಕ್ಕೆ 2.5ರ ತನಕ ಅವಕಾಶವಿದೆ. ರಂಜಕದ ಜೊತೆಗಿನ ಲೆಕ್ಕವೂ ಇದೆ: ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದಕ್ಕೆ ಇಳಿಯಬಾರದು, ಎರಡನ್ನು ಮೀರಬಾರದು. ಮೂಟೆ ಮಾಡಿದವರು ಇಷ್ಟೆಲ್ಲ ಅಳೆದು ತೂಗಿ ತುಂಬಿರುತ್ತಾರೆ. ಅದರ ಮೇಲೆ ನಾಲ್ಕು ಚಮಚ ಸುರಿದರೆ ಆ ಲೆಕ್ಕ ಎಲ್ಲಿ ನಿಂತೀತು?

ಮನೆಯ ಅಡುಗೆ ಹಾಕುವವರ ಕಥೆ ಬೇರೆ. ರಾಗಿಯಲ್ಲಿ ನೂರು ಗ್ರಾಂಗೆ ಮುನ್ನೂರೈವತ್ತು ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲೇ ಅದು ದೊಡ್ಡದು. ಆದರೆ ಅದರಲ್ಲೇ ಇರುವ ಫೈಟೇಟ್ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ಮೂಳೆ ತೆಗೆದ ಕೋಳಿ ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ತೀರ ಕಡಿಮೆ. ಬರೀ ಅನ್ನ-ಕೋಳಿಯಲ್ಲಿ ಬೆಳೆದ ಮರಿಯ ದೇಹ ಬೇರೆ ದಾರಿ ಕಾಣದೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ, ಮೂಳೆ ತೆಳುವಾಗಿ ಮುರಿಯುವ ಮಟ್ಟಕ್ಕೂ ಹೋಗಬಹುದು. ಅಲ್ಲಿ ಕ್ಯಾಲ್ಸಿಯಂ ಬೇಕೇ ಬೇಕು, ಎಷ್ಟು ಅನ್ನುವುದನ್ನು ಮರಿಯ ತೂಕ ಮತ್ತು ಅದರ ತಟ್ಟೆ ಎರಡನ್ನೂ ನೋಡಿದ ಪಶುವೈದ್ಯರು ಹೇಳಬೇಕು. ಮೂಟೆ ಮಾರಿದ ಕೈಯೇ ಬಾಟಲಿಯನ್ನೂ ಮಾರುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮಗೆ ಮಗುವಾಗಲಿ ಮರಿಯಾಗಲಿ ದುಂಡುದುಂಡಾಗಿರಬೇಕು. ಸಣಕಲಾಗಿದ್ದರೆ ಸಾಕುವವರಿಗೇ ಅವಮಾನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗ್ರೇಟ್ ಡೇನ್ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಿಂದಷ್ಟು ಹಾಕಿ, ಇನ್ನೊಂದಕ್ಕೆ ಅದರ ಮೂರರಲ್ಲೆರಡು ಪಾಲು ಮಾತ್ರ ಹಾಕಿ ನೋಡಿದರು. 1974ರಲ್ಲಿ ಬಂದ ವರದಿಯಲ್ಲಿ ಕಾಲು, ಕೀಲುಗಳ ತೊಂದರೆ ಹೆಚ್ಚು ಕಂಡದ್ದು ಹೊಟ್ಟೆ ತುಂಬ ತಿಂದವುಗಳಲ್ಲಿ. 2002ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ 48 ಲ್ಯಾಬ್ರಡಾರ್‌ಗಳ ಇಡೀ ಬದುಕನ್ನೇ ಹಿಂಬಾಲಿಸಿತು. ಒಡಹುಟ್ಟಿದವುಗಳನ್ನು ಜೋಡಿ ಮಾಡಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಹಾಕಿದರು. ಕಡಿಮೆ ತಿಂದವುಗಳ ಆಯುಸ್ಸಿನ ಮಧ್ಯಾಂಕ 13 ವರ್ಷ, ಉಳಿದವುಗಳದು 11.2. ಸೊಂಟದ ಕೀಲು ಸವೆಯುವುದು ಕೂಡ ಅವುಗಳಲ್ಲಿ ತಡವಾಗಿ ಶುರುವಾಯಿತು. ಹೆಚ್ಚುಕಡಿಮೆ ಎರಡು ವರ್ಷ! ನಾಯಿಯ ಆಯುಸ್ಸಿನಲ್ಲಿ ಎರಡು ವರ್ಷ ಎಂದರೆ ಎಷ್ಟೆಂಬುದು ಸಾಕಿ ಕಳೆದುಕೊಂಡವರಿಗೆ ಗೊತ್ತು.

ಇದಕ್ಕೆ ತಕ್ಕಡಿ ಬೇಡ, ಕೈ ಸಾಕು. ಎಡಗೈ ಅಂಗೈ ಕೆಳಗೆ ಮಾಡಿ ಚಾಚಿ, ಬಲಗೈ ಬೆರಳನ್ನು ಗೆಣ್ಣುಗಳ ಮೇಲೆ ಹಗುರವಾಗಿ ಆಡಿಸಿ. ತೆಳ್ಳಗಿನ ಚರ್ಮದ ಕೆಳಗೆ ಒಂದೊಂದು ಎಲುಬೂ ಸಿಗುತ್ತದಲ್ಲ, ಮರಿಯ ಪಕ್ಕೆಲುಬು ಸಿಗಬೇಕಾದದ್ದು ಹಾಗೆ. ಒತ್ತಿ ಹುಡುಕಬೇಕಾಗಿ ಬಂದರೆ ಊಟ ಹೆಚ್ಚಾಗಿದೆ. ಮೇಲಿನಿಂದ ನೋಡಿದಾಗ ಪಕ್ಕೆ ಮುಗಿದಲ್ಲಿ ಸೊಂಟ ಒಳಗೆ ಸರಿದಿರಬೇಕು.

ನಮ್ಮಜ್ಜಿ ಇದನ್ನು ಬೇರೆ ಥರ ಮಾಡುತ್ತಿದ್ದರು. ಹಿತ್ತಲ ಕಟ್ಟೆಯ ಮೇಲೆ ಕೂತು, ಮುದ್ದೆಯ ಚೂರಿಗೆ ಮಜ್ಜಿಗೆ ಕಿವುಚಿ, ಮನೆಯ ನಾಯಿ ಕರಿಯನ ಕಲ್ಲುಬಾನಿಗೆ ಹಾಕುವ ಮೊದಲು ಅದರ ಪಕ್ಕೆಯ ಮೇಲೆ ಒಮ್ಮೆ ಕೈಯಾಡಿಸುತ್ತಿದ್ದರು. ಕೆಲವು ದಿನ ತುತ್ತು ಹೆಚ್ಚು ಬೀಳುತ್ತಿತ್ತು, ಕೆಲವು ದಿನ ಕಡಿಮೆ. "ಬೇಟೆ ಜಾತಿ ಕಣವ್ವ, ಹೊಟ್ಟೆ ಬಂದ್ರೆ ಓಡಾಕಾಗಲ್ಲ" ಅನ್ನುತ್ತಿದ್ದರು. ಕರಿಯ ಬೇಟೆಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ಆದರೆ ಮುದಿಯಾದ ಮೇಲೂ ಕುಂಟಲಿಲ್ಲ.

ಬೇಟೆನಾಯಿ ಎಂದೊಡನೆ ಮನಸ್ಸು ಮದ್ದೂರು ತಾಲ್ಲೂಕಿನ ಆತಕೂರಿಗೆ ಓಡುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಯೋಧನಿಗೆ ಅರಸ ಮೆಚ್ಚಿ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಬಳಿ ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಕಾಲ ಸುಮಾರು ಕ್ರಿ.ಶ. 950, ಹಂದಿಯೂ ಕಾಳಿಯೂ ಹೆಣಗುತ್ತಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದಿದೆ. ಅದರ ಮೇಲಿನ ಶಾಸನದಲ್ಲಿ ನನಗೆ ಬಹಳ ಹಿಡಿಸಿದ್ದು ಪೂಜಾರಿಗೆ ಹಾಕಿದ ಕಟ್ಟಳೆ: ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದಂತೆ. ಸತ್ತ ನಾಯಿಗೆ ಸಲ್ಲಬೇಕಾದದ್ದು ಸಂದ ಮೇಲೆಯೇ ಮನುಷ್ಯನ ಊಟ!

ಅಂಥ ಕಾಳಿಗೆ ಬದುಕಿದ್ದಾಗ ಏನು ಹಾಕುತ್ತಿದ್ದರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಮುಂದಿನ ಶತಮಾನಗಳಲ್ಲಿ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸ ಗ್ರಂಥದಲ್ಲಿ ಇಡ್ಲಿಯ ಪೂರ್ವಜನನ್ನೂ ವಡೆಯನ್ನೂ ವಿವರಿಸಿದ, ಬೇಟೆನಾಯಿಗಳಿಗೂ ಒಂದು ವಿನೋದವನ್ನೇ, ಅಂದರೆ ಒಂದು ಅಧ್ಯಾಯವನ್ನೇ, ಮೀಸಲಿಟ್ಟ. ಅಡುಗೆಯ ಭಾಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ, ಹೋಟೆಲಿನ ಗೋಡೆಯ ಮೇಲೂ ಬರೆಸುತ್ತಾರೆ. ನಾಯಿಗಳ ಭಾಗವನ್ನಷ್ಟೇ ಬಿಡಿಸಿ, ತಳಿ ಬಲ್ಲವರೊಬ್ಬರಿಂದ ಟಿಪ್ಪಣಿ ಬರೆಸಿ, ಕೈಗೆಟುಕುವ ಬೆಲೆಯ ಪುಸ್ತಕವಾಗಿ ಯಾರಾದರೂ ತಂದರೆ ನಾನು ಎರಡು ಪ್ರತಿ ಕೊಳ್ಳುತ್ತೇನೆ, ಒಂದು ಮೇಲಿನ ಮನೆಗೆ.